ಸೂಜಿ ಚುಚ್ಚಿದ್ದನ್ನು ಮುಚ್ಚಿಡಬೇಡ ಮಗಳೇ

ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ತಂಗಿಗೆ ಹೇಳಿದ್ದು ನನಗೂ ಕೇಳಿಸಿತು. ನೈಟ್ ಡ್ಯೂಟಿಯಲ್ಲಿ ಸೂಜಿ ಚುಚ್ಚಿತಂತೆ. ಇನ್‌ಚಾರ್ಜ್ ಸಿಸ್ಟರ್ ಬಯ್ಯುತ್ತಾರೆ ಅಂತ ಯಾರಿಗೂ ಹೇಳದೆ, ಬೆರಳಿಗೆ ಪಟ್ಟಿ ಸುತ್ತಿಕೊಂಡು ಕೆಲಸ ಮುಗಿಸಿದೆಯಂತೆ. ನಾನು ಫೋನ್ ಇಸಿದುಕೊಂಡು ಕೇಳಿದರೆ "ಅದು ಹೋದ ತಿಂಗಳದು ಬಿಡವ್ವ" ಅಂತ ಕಟ್ ಮಾಡಿದೆ. ಆಮೇಲೆ ಎತ್ತಲೇ ಇಲ್ಲ. ನಿನ್ನ ಮಾವನ ಮಗ ಇವತ್ತು ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತಾನೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಜೊತೆ ಈ ಪತ್ರ ಕೊಟ್ಟು ಕಳಿಸುತ್ತಿದ್ದೇನೆ. ರೊಟ್ಟಿ ಆಮೇಲೆ ತಿನ್ನು, ಮೊದಲು ಇದನ್ನು ಓದು.

ನಾನು ಆಶಾ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಾತ್ರಿ ಹೆರಿಗೆಗೆ ಅಂತ ಒಬ್ಬಾಕೆಯನ್ನು ನಮ್ಮ ಪಿಎಚ್‌ಸಿಗೆ ಕರೆದುಕೊಂಡು ಹೋಗಿದ್ದೆ. ನರ್ಸಕ್ಕ ಒಬ್ಬರೇ ಇದ್ದರು. ಕೂಸು ಹುಟ್ಟಿತು, ಒರೆಸಿ ನನ್ನ ಕೈಗೆ ಕೊಟ್ಟರು. ಬಾಣಂತಿಗೆ ಇಂಜೆಕ್ಷನ್ ಕೊಡುವಾಗ ಆಕೆ ಕಾಲು ಜಾಡಿಸಿದಳು. ಸೂಜಿ ನರ್ಸಕ್ಕನ ಹೆಬ್ಬೆರಳಿಗೆ ಹೊಕ್ಕಿತು. ಅವರು ಸುಮ್ಮನಿರಲಿಲ್ಲ ಮಗಳೇ. "ನನಗೆ ಸೂಜಿ ಚುಚ್ಚಿತು!" ಅಂತ ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕೂಗಿದರು. ಮಲಗಿದ್ದ ಆಯಾ ಎದ್ದು ಓಡಿ ಬಂದಳು. ನರ್ಸಕ್ಕ ನಲ್ಲಿ ಬಿಟ್ಟು, ಸೋಪು ಹಚ್ಚಿ, ಹರಿಯೋ ನೀರಿನಲ್ಲಿ ಬೆರಳು ತೊಳೆದರು. "ಹಿಂಡಿ ರಕ್ತ ತೆಗೀರಿ ಅಕ್ಕ" ಅಂದೆ ನಾನು, ಗೊತ್ತಿರಲಿಲ್ಲ. "ಹಿಂಡಬಾರದು, ಬಾಯಿಗೂ ಇಡಬಾರದು" ಅಂದರು. ಅಷ್ಟು ಹೊತ್ತಿನಲ್ಲಿ ಡಾಕ್ಟರಿಗೆ ಫೋನ್ ಹಚ್ಚಿದರು. ಡಾಕ್ಟರ್ ಬಂದು ರಿಜಿಸ್ಟರಿನಲ್ಲಿ ಬರೆದರು, ಅವರನ್ನು ಗಾಡಿ ಹತ್ತಿಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಬೆಳಗಾಗುವ ಮುಂಚೆ ಎಚ್‌ಐವಿ ತಗಲದಂತೆ ತಡೆಯುವ ಮೊದಲ ಮಾತ್ರೆ ನುಂಗಿ ಆಗಿತ್ತು. ಬಾಣಂತಿಯ ರಕ್ತದಲ್ಲಿ ಏನೂ ಇಲ್ಲ ಅಂತ ಗೊತ್ತಾದ ಮೇಲೆ ಮಾತ್ರೆ ನಿಲ್ಲಿಸಿದರು. ಇಲ್ಲದಿದ್ದರೆ 28 ದಿನ ನುಂಗಬೇಕಿತ್ತು.

ನಿನ್ನೆ ರಾತ್ರಿಯೆಲ್ಲ ಅದೇ ನೆನಪು. ಅವರು ಕೂಗಿದರು, ನನ್ನ ಮಗಳು ಕೂಗಲಿಲ್ಲ. ಅವರು ಒಬ್ಬರೇ ಇದ್ದರು. ನಿನ್ನ ಸುತ್ತ ಅಷ್ಟು ದೊಡ್ಡ ಆಸ್ಪತ್ರೆ ಇತ್ತು, ಡಾಕ್ಟರ್ ಇದ್ದರು, ಲ್ಯಾಬ್ ಇತ್ತು, ಔಷಧಿ ಅಂಗಡಿ ಒಳಗೇ ಇತ್ತು. ಅಲ್ಲಿ ನೀನು ಬಾಯಿ ಮುಚ್ಚಿಕೊಂಡು ನಿಂತೆ. ಅಂಥಾ ಹೆದರಿಕೆ ಏನು ಹಾಕಿದ್ದಾರೆ ಅಲ್ಲಿ? ಆ ನರ್ಸಕ್ಕನನ್ನು ಯಾರೂ ಒಂದು ಮಾತು ಬಯ್ಯಲಿಲ್ಲ. ಡಾಕ್ಟರ್ ಕೇಳಿದ ಮೊದಲ ಮಾತೇ "ಕೈ ತೊಳೆದಿರಾ?" ಅಂತ. ನಿನ್ನನ್ನು ಹಾಗೆ ಕೇಳುವವರು ಒಬ್ಬರೂ ಇಲ್ಲವಾ?

ನೀನು ಓದಿದವಳು, ನನಗಿಂತ ನಿನಗೇ ಜಾಸ್ತಿ ಗೊತ್ತು. ಆದರೂ ಬರೆಯುತ್ತೇನೆ, ಬರೆಯದೆ ನನಗೆ ಸಮಾಧಾನ ಆಗುವುದಿಲ್ಲ. ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಆ ಹೊತ್ತು ಹೋಯಿತು. ಆದರೆ ರಕ್ತ ಪರೀಕ್ಷೆಯ ಹೊತ್ತು ಹೋಗಿಲ್ಲ. ಅಲ್ಲಿನ ಯಾವುದಾದರೂ ಸರಕಾರಿ ಆಸ್ಪತ್ರೆಯ ಐಸಿಟಿಸಿಗೆ, ಅದೇ ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರಕ್ಕೆ ಹೋಗು. ಎಚ್‌ಐವಿ ಪರೀಕ್ಷೆಗೆ ದುಡ್ಡು ಕೇಳುವುದಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ಹೆಪಟೈಟಿಸ್ ಬಿ, ಸಿ ಎರಡನ್ನೂ ನೋಡಿಸು. ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ಮಾಡಿಸು. ಎಚ್‌ಐವಿ ಇರುವವರ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸಾವಿರದಲ್ಲಿ ಮೂವರಿಗೆ ಅಂತ ಟ್ರೇನಿಂಗಿನಲ್ಲಿ ಹೇಳಿದ್ದರು. ಅದನ್ನೇ ಹೇಳಿಕೊಂಡು ಧೈರ್ಯ ತಂದುಕೊಳ್ಳುತ್ತಿದ್ದೇನೆ. ನನಗೆ ಹೆಪಟೈಟಿಸ್ ಬಿ ಬಗ್ಗೆಯೇ ಹೆಚ್ಚು ಚಿಂತೆ. ಅದು ಇದಕ್ಕಿಂತ ಬಹಳ ಸುಲಭವಾಗಿ ತಗಲುತ್ತದೆ. ಕಾಲೇಜಿನಲ್ಲಿ ನಿನಗೆ ಎರಡು ಡೋಸ್ ಆಗಿತ್ತು, ಆರು ತಿಂಗಳಿಗೆ ಹಾಕುವ ಮೂರನೆಯದು ಉಳಿದುಬಿಟ್ಟಿತ್ತು ಅಲ್ವಾ? ಮೊದಲಿಂದ ಶುರು ಮಾಡಬೇಕಿಲ್ಲ, ಉಳಿದದ್ದೊಂದು ಹಾಕಿಸಿಕೊಂಡರೆ ಸಾಕು. ಈ ವಾರವೇ ಹಾಕಿಸಿಕೋ.

ಇನ್‌ಚಾರ್ಜ್ ಸಿಸ್ಟರಿಗೂ ಹೇಳು. ಬರೆದು ಕೊಡು, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ. 2017ರ ಎಚ್‌ಐವಿ ಏಡ್ಸ್ ಕಾಯ್ದೆಯಲ್ಲಿ ಇದೆ: ಸಿಬ್ಬಂದಿಗೆ ಗ್ಲೌಸಿನಂಥ ರಕ್ಷಣೆ ಕೊಡುವುದು, ಹೀಗಾದಾಗ ಔಷಧಿ ಕೊಡಿಸುವುದು ಆಸ್ಪತ್ರೆಯ ಕೆಲಸ. ಅವರು ದಯೆ ತೋರಿಸಿ ಕೊಡುವ ವಸ್ತು ಅಲ್ಲ ಅದು.

"ನಾಳೆಯೇ ಬಿಟ್ಟು ಬರುತ್ತೇನೆ" ಅಂತಲೂ ತಂಗಿಗೆ ಹೇಳಿದ್ದೀಯಂತೆ. ಬಾ, ನಿನ್ನ ಮನೆ ಇದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಸೇರುವಾಗ ತೆಗೆದುಕೊಂಡ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮೊದಲು ವಾಪಸ್ ಇಸಿದುಕೋ. ಎಷ್ಟು ದಿನ ಕೆಲಸ ಮಾಡಿದ್ದೀಯೋ ಅಷ್ಟಕ್ಕೂ ಅನುಭವದ ಸರ್ಟಿಫಿಕೇಟ್ ಬರೆಸಿಕೋ. ಏಮ್ಸ್‌ನ ನರ್ಸ್ ಹುದ್ದೆಯ ನಾರ್ಸೆಟ್ ಪರೀಕ್ಷೆಗೆ ಬಿಎಸ್ಸಿಯವರು ನೇರ ಕೂಡಬಹುದು, ನಿನ್ನ ಹಾಗೆ ಜಿಎನ್‌ಎಂ ಡಿಪ್ಲೊಮಾ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಕೇಳುತ್ತಾರೆ. ಇಲ್ಲಿ ಸಣ್ಣ ನರ್ಸಿಂಗ್ ಹೋಮಿಗೆ ಬಂದು ಸೇರಿದರೆ ಆ ಲೆಕ್ಕಕ್ಕೆ ಬರುವುದಿಲ್ಲ. ರಾಜ್ಯದ ಹುದ್ದೆ ಕರೆದರೆ ನಮಗೆ ಸಂವಿಧಾನದ 371ಜೆ ಮೀಸಲಾತಿ ಇದೆ, ನಮ್ಮ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 80 ಇಲ್ಲಿಯವರಿಗೇ. ಆ 371ಜೆ ಸರ್ಟಿಫಿಕೇಟಿನ ಕಾಗದಪತ್ರ ನಿನ್ನ ಅಪ್ಪ ತಯಾರು ಮಾಡುತ್ತಿದ್ದಾರೆ.

ಬೇರೆ ಆಸ್ಪತ್ರೆ ಹುಡುಕುವುದಾದರೆ ಸಂಬಳ ಒಂದನ್ನೇ ಕೇಳಬೇಡ. ರಾತ್ರಿ ಒಬ್ಬ ನರ್ಸಿಗೆ ಎಷ್ಟು ರೋಗಿ ಅಂತ ಕೇಳು. ಸೂಜಿ ಹಾಕುವ ಬಿಳಿ ಡಬ್ಬ ಪ್ರತಿ ವಾರ್ಡಿನಲ್ಲಿ ಇದೆಯಾ ನೋಡು. ಸೂಜಿ ಚುಚ್ಚಿದರೆ ಯಾರಿಗೆ ಹೇಳಬೇಕು ಅಂತ ಅಲ್ಲಿನ ಕಿರಿಯ ನರ್ಸ್ ಒಬ್ಬಳನ್ನು ಕೇಳು. ಆ ಹುಡುಗಿ ತಡವರಿಸಿದರೆ ಎದ್ದು ಬಾ. ಐದು ಸಾವಿರ ಜಾಸ್ತಿ ಕೊಟ್ಟರೂ ಬೇಡ.

ಬಿಎಸ್ಸಿ ನರ್ಸಿಂಗ್ ಓದಬೇಕು ಅಂತಿದ್ದೆ ನೀನು. ಆ ವರ್ಷ ನಮ್ಮ ಕೈಯಲ್ಲಿ ಆಗಲಿಲ್ಲ, ಜಿಎನ್‌ಎಂ ಓದಿಸಿದೆವು. ಅದರ ನೋವು ನನಗಿದೆ ಮಗಳೇ, ಕ್ಷಮಿಸು. ಜಿಎನ್‌ಎಂ ಆದವರು ಓದುವ ಪೋಸ್ಟ್ ಬೇಸಿಕ್ ಬಿಎಸ್ಸಿ ಎರಡೇ ವರ್ಷ. ಓದುತ್ತೇನೆ ಅಂದರೆ ಈ ಸಲ ಹೇಗಾದರೂ ಓದಿಸುತ್ತೇವೆ. ಆದರೆ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಪೋಸ್ಟಿಂಗ್ ಮಾಡಿ ಕಲಿತ ಕೈ ನಿನ್ನದು. ಊರಿಗೆ ಬಂದಾಗ ಅಜ್ಜನ ಕೈಯ ನರ ಒಂದೇ ಸಲಕ್ಕೆ ಹಿಡಿದು ಸಲೈನ್ ಹಚ್ಚಿದೆ. ಓಣಿಯವರೆಲ್ಲ ನೋಡುತ್ತ ನಿಂತಿದ್ದರು. ನನಗೆ ಆ ದಿನ ಊಟವೇ ಬೇಡವಾಗಿತ್ತು, ಅಷ್ಟು ಹೊಟ್ಟೆ ತುಂಬಿತ್ತು. ಅಂಥಾ ಕೈಗೆ ನೀನು ಸುಮ್ನೆ ಪಟ್ಟಿ ಸುತ್ತಿಕೊಂಡು ಓಡಾಡುತ್ತೀಯಲ್ಲ!

ಇನ್ನೊಂದು ಮಾತು. ನಿನ್ನ ತಂಗಿಯೂ ನರ್ಸಿಂಗ್ ಅನ್ನುತ್ತಿದ್ದಾಳೆ. ಪಿಯುಸಿಯಲ್ಲಿ ಬಯಾಲಜಿ ಇದೆ, ಬಿಎಸ್ಸಿಗೆ ನಡೆಯುತ್ತದೆ. ಮನೆಗೆ ಒಬ್ಬ ಏಜೆಂಟ್ ಬಂದಿದ್ದ. "ಕ್ಲಾಸಿಗೆ ಬರುವುದೇ ಬೇಡ, ಪರೀಕ್ಷೆಗೆ ಬಂದರೆ ಸಾಕು" ಅಂದ. ಕ್ಲಾಸಿಗೂ ವಾರ್ಡಿಗೂ ಹೋಗದೆ ನರ್ಸ್ ಹೇಗೆ ಆಗುತ್ತಾರೆ? ನಿನ್ನ ಅಪ್ಪನಿಗೆ ಮಾತ್ರ ಫೀಸು ಕಡಿಮೆ ಅಂತ ಮನಸ್ಸು ಎಳೆಯುತ್ತಿದೆ. ಆ ಕಾಲೇಜಿಗೆ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಮಾನ್ಯತೆ ಇದೆಯಾ, ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಹೆಸರಿದೆಯಾ, ಮಕ್ಕಳನ್ನು ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ನೀನೇ ನೋಡಿ ಅಪ್ಪನಿಗೆ ಹೇಳು. ನಿನ್ನ ಮಾತು ಕೇಳುತ್ತಾರೆ, ನನ್ನದು ಕೇಳುವುದಿಲ್ಲ. ಏಜೆಂಟ್ ಸೋಮವಾರ ಮತ್ತೆ ಬರುತ್ತಾನಂತೆ, ಭಾನುವಾರದೊಳಗೆ ಫೋನ್ ಮಾಡು. ಅದಕ್ಕಿಂತ ಮೊದಲು ರಕ್ತ ಕೊಟ್ಟು ಬಾ. ರಿಪೋರ್ಟ್ ಬಂದ ಕೂಡಲೇ ತಂಗಿಗಲ್ಲ, ನನಗೇ ಹೇಳು.

ನಿನ್ನ ಅವ್ವ