ಅಂಗಡಿಗೆ ಯಾಕೆ ಬರಲಿಲ್ಲ ಅಂತ ಕೇಳಿದವನಿಗೆ

ಲೇ ದೋಸ್ತಾ,

ಹುಬ್ಬಳ್ಳಿಗೆ ಬಂದೂ ನಿನ್ನ ಅಂಗಡಿಗೆ ಬರಲಿಲ್ಲ ಅಂತ ಬೈದೆಯಲ್ಲ, ಅದಕ್ಕೇ ಈ ಪತ್ರ. ಹೀಗೆ ನಾಲ್ಕು ಜನರ ಮುಂದೆ ಬರೆದರೆ ನೀನು ಜಾಸ್ತಿ ಬೈಯೋ ಹಾಗಿಲ್ಲ. ಶಾಲೆಯ ಭೂಗೋಳದ ಮಾಸ್ತರು ಮತ್ತು ಕುರಿಯ ಆ ಹಳೇ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಕಾಲೇಜೊಂದರಲ್ಲಿ ಹುಡುಗರಿಗೆ 'ಯಶಸ್ಸಿನ ಗುಟ್ಟು' ಹೇಳಿ ಅಂದಿದ್ದರು. ಹೇಳಿದೆ. ಬೆಳಗಿನ ಜಾವ ಏಳೋದು, ಛಲ, ಶಿಸ್ತು, ಎಲ್ಲ. ಚಪ್ಪಾಳೆಯೂ ಬಿತ್ತು. ವಾಪಸು ಬರುವಾಗ ರೈಲು ಕುಂದಗೋಳ ದಾಟಿತು ನೋಡು, ಅಲ್ಲಿ ಶುರುವಾಯಿತು ತಲೆಹರಟೆ.

ಸಂಗೀತದ ಗುರುವನ್ನು ಹುಡುಕಿಕೊಂಡು ಹನ್ನೊಂದು ವರ್ಷದ ಭೀಮಸೇನ ಜೋಶಿ ಗದಗಿನ ಮನೆ ಬಿಟ್ಟು ಓಡಿದ್ದು, ಗ್ವಾಲಿಯರ್, ಜಲಂಧರ್ ಸುತ್ತಿ ಕೊನೆಗೆ ಇದೇ ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಬಂದಿದ್ದು ಎಲ್ಲರಿಗೂ ಇಷ್ಟದ ಕಥೆ. ಅದೇ ಗುರುಗಳ ಶಿಷ್ಯೆ ಗಂಗೂಬಾಯಿ ಹಾನಗಲ್ ಓಡಿಹೋಗಲಿಲ್ಲ. ಹೋಗುವ ಹಾಗೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಮನೆ, ಮಕ್ಕಳು. ಗುರುಗಳು ನಾಟಕದ ಬದುಕು ಬಿಟ್ಟು ಊರಿಗೆ ಮರಳಿದ್ದರು, ಹುಬ್ಬಳ್ಳಿಯಿಂದ ಅಲ್ಲಿಗೆ ರೈಲಿತ್ತು. ಹೋಗಿ ಕಲಿತು ರಾತ್ರಿ ಮನೆ ಸೇರಬಹುದಿತ್ತು. ದನಿ ಅವರದೇ, ಹಟ ಅವರದೇ. ಆದರೆ ಗುರುಗಳು ದೂರದ ಪುಣೆಯಲ್ಲಿ ನೆಲೆಸಿದ್ದರೆ?

ನಾನು ಓಡಿದವನು. ಓಡಿದರೆ ಬೆಂಗಳೂರಲ್ಲಿ ಮಾಮನ ಮನೆ ಇತ್ತು. ಎರಡು ಹೊತ್ತಿನ ಊಟ, ಮಲಗಲು ಹಾಲ್‌ನಲ್ಲಿ ಸೋಫಾ, ಮುಖ ಸಿಂಡರಿಸದ ಮಾಮಿ. ನಿಮ್ಮ ಮನೆಯಲ್ಲಿ ಕಾಕಾ ಹಾಸಿಗೆ ಹಿಡಿದಿದ್ದರು, ಅಂಗಡಿಯ ಶಟರ್ ನೀನೇ ಎತ್ತಬೇಕಿತ್ತು. ತಕ್ಕಡಿಯಲ್ಲಿ ಮೊಳೆ ತೂಗುತ್ತಲೇ ನನ್ನ ತಂಗಿಗೆ ತ್ರಿಕೋನಮಿತಿ ಹೇಳಿಕೊಟ್ಟವನು ನೀನು. ಪರೀಕ್ಷೆಯಲ್ಲಿ ಯಾರ ಹಾಳೆಯನ್ನು ಯಾರು ಇಣುಕುತ್ತಿದ್ದರು ಅಂತ ಇಲ್ಲಿ ಬರೆಯಬೇಕಾ?

ಭಾಷಣದಲ್ಲಿ ಸೋಫಾ ಬರಲಿಲ್ಲ. ಆಮೇಲೆ ನಿನ್ನ ಎದುರು ಬಂದು ಕೂರಲು ಯಾಕೋ ಆಗಲಿಲ್ಲ.

ಇನ್ನೂ ಒಂದಿದೆ. ನೀನು ಓದು ಬಿಟ್ಟೆ ಅಂತ ಗೊತ್ತಾದಾಗ ನನಗೆ ಬೇಸರವಾಯಿತು ಅಂತ ಎಲ್ಲರ ಹತ್ತಿರ ಹೇಳಿದ್ದೇನೆ. ಬೇಸರ ಆಗಿದ್ದು ನಿಜ. ಒಳಗೊಳಗೇ ಸ್ವಲ್ಪ ನಿರಾಳವೂ ಆಗಿತ್ತು ಕಣೋ. ನೀನೂ ಬಂದಿದ್ದರೆ ನಾನು ಜನ್ಮವಿಡೀ ಎರಡನೇ ನಂಬರ್.

ಥೂ, ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಮಾಮಿ ಓದಿದರೆ ಸೋಫಾದ ಬಾಡಿಗೆ ಕೇಳುತ್ತಾರೆ, ಬಡ್ಡಿ ಸಮೇತ. ಲೆಕ್ಕ ನೀನೇ ಮಾಡಿಡು, ಎಂದಿನಂತೆ ನಾನು ಕಾಪಿ ಹೊಡೆಯುತ್ತೇನೆ.

ನಿನ್ನ,
ಮೂರನೇ ಬೆಂಚು