ಜಿಐ ಪೈಪಿಗೆ ಕೋಳಿ ಚುಚ್ಚಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ನಿಮ್ಮ ಪುರವಣೀಲಿ ಕ್ಯಾಂಪಿಂಗ್ ಬಗ್ಗೆ ಒಂದು ಪುಟ ಬಂದಿತ್ತಲ್ಲ, ಅದರಲ್ಲಿ ಟೆಂಟ್ ಮುಂದೆ ನಾಲ್ಕು ಜನ ಹುಡುಗರು ಎರಡು ಕಂಬದ ಮೇಲೆ ಪೈಪ್ ಅಡ್ಡ ಇಟ್ಟು ಇಡೀ ಕೋಳಿ ಸುಡ್ತಿರೋ ದೊಡ್ಡ ಫೋಟೊ ಇತ್ತು, ಅದನ್ನ ನೋಡಿ ಈ ಪತ್ರ ಬರೀತಿದೀನಿ. ಆ ಪೈಪು ಜಿಐ ಪೈಪು ಸಾರ್, ನೀರಿನ ಲೈನಿಗೆ ಹಾಕೋದು. ಕಂಬಗಳೂ ಅದೇ, ಕಂಬದ ಬುಡ ಕೆಂಡದಲ್ಲೇ ನಿಂತಿತ್ತು. ನಾನು ಕಾಮಾಕ್ಷಿಪಾಳ್ಯದಲ್ಲಿ 22 ವರ್ಷದಿಂದ ಗೇಟು, ಗ್ರಿಲ್ಲು, ಶೆಡ್ಡು ಮಾಡ್ಕೊಂಡಿರೋನು, ಜಿಐ ಯಾವುದು ಎಂಎಸ್ (ಮೈಲ್ಡ್ ಸ್ಟೀಲ್, ಏನೂ ಬಳಿಯದ ಸಾದಾ ಕಬ್ಬಿಣ) ಯಾವುದು ಅಂತ ರಸ್ತೆ ಆಚೆಯಿಂದ್ಲೇ ಗೊತ್ತಾಗತ್ತೆ. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಒಂದು ಗಂಟೆ ಆಗಿರ್ಲಿಲ್ಲ, ಇಬ್ಬರು ಹುಡುಗರು ಅದೇ ಫೋಟೊ ಫೋನಲ್ಲಿ ತಗೊಂಡು ಬಂದು "ಅಣ್ಣಾ ಇದೇ ತರ ಒಂದು ಮಾಡ್ಕೊಡಿ, ಜಿಐ ಕಟ್ ಪೀಸ್ ಇದ್ರೆ ಅದ್ರಲ್ಲೇ ಮಾಡಿ, ತುಕ್ಕು ಹಿಡಿಯಲ್ಲ ಅಲ್ವಾ" ಅಂದ್ರು. ಅವರಿಗೆ ಕೂರಿಸ್ಕೊಂಡು ಹೇಳಿದ್ದನ್ನೇ ಇಲ್ಲಿ ಬರೀತೀನಿ, ಯಾಕಂದ್ರೆ ನನ್ನ ಅಂಗಡಿಗೆ ಬರದೇ ಇರೋರು ಸಾವಿರಾರು ಜನ ಇದಾರೆ.

ಜಿಐ ಅಂದ್ರೆ ಕಬ್ಬಿಣದ ಮೇಲೆ ಸತು, ಅಂದ್ರೆ ಜಿಂಕ್, ಬಳಿದಿರೋದು. ತುಕ್ಕು ಹಿಡಿಯದೇ ಇರೋದು ಆ ಸತುವಿನಿಂದ್ಲೇ. ಆದ್ರೆ ಸತು ಸುಮಾರು 420 ಡಿಗ್ರಿಗೇ ಕರಗತ್ತೆ, 907 ಡಿಗ್ರಿಗೆ ಕುದಿಯತ್ತೆ. ಗಾಳಿ ಊದಿದ ಇದ್ದಿಲ ಕೆಂಡಕ್ಕೆ ಅಷ್ಟು ಬಿಸಿ ಏನೂ ದೊಡ್ಡದಲ್ಲ. ಆವಿಯಾದ ಸತು ಗಾಳಿಗೆ ಸೇರಿದ ತಕ್ಷಣ ಬಿಳೀ ಹೊಗೆ ಆಗತ್ತೆ, ಅದನ್ನ ಉಸಿರಾಡಿದ್ರೆ ಜ್ವರ ಬರತ್ತೆ. ನಮ್ಮ ಲೈನಲ್ಲಿ ಇದು ಎಲ್ಲಾ ವೆಲ್ಡರ್‌ಗೂ ಗೊತ್ತು, ಜಿಐ ವೆಲ್ಡಿಂಗ್ ಜಾಸ್ತಿ ಇದ್ದ ದಿನ ಸಂಜೆ ಹಾಲು ಕುಡಿಯೋರು ಈಗ್ಲೂ ಇದಾರೆ. ಹಾಲಿಂದ ಏನೂ ಆಗಲ್ಲ ಸಾರ್, ಹೊಗೆ ಹೋಗೋದು ಶ್ವಾಸಕೋಶಕ್ಕೆ, ಹಾಲು ಹೋಗೋದು ಹೊಟ್ಟೆಗೆ.

ನನ್ನ ಅಕ್ಕನ ಮಗನಿಗೆ ಆಗಿದ್ದು ಹೇಳ್ತೀನಿ. ಅವನಿಗೆ ಮಾಗಡಿ ಹತ್ರ ನಮ್ಮ ತೋಟದಲ್ಲಿ ಫ್ರೆಂಡ್ಸ್ ಜೊತೆ ಒಂದು ರಾತ್ರಿ ಟೆಂಟ್ ಹಾಕ್ಕೊಂಡು ಮರಿ ತೊಡೆ ಸುಡ್ಬೇಕು ಅಂತ ಆಸೆ. ಗುಜರಿ ಅಂಗಡೀಲಿ ಜಿಐ ಪೈಪ್ ತಗೊಂಡ. ಅದರ ಕೋಟಿಂಗ್ ಒಳ್ಳೇದಲ್ಲ ಅಂತ ಎಲ್ಲೋ ಓದಿದ್ದಾನೆ, ಮೊದಲು ಬೆಂಕೀಲಿ ಒಂದ್ಸಲ ಚೆನ್ನಾಗಿ ಸುಟ್ಟುಬಿಟ್ರೆ ಕೋಟಿಂಗ್ ಹೋಗತ್ತೆ ಆಮೇಲೆ ಸೇಫು ಅಂತ ಯಾರೋ ಹೇಳಿದಾರೆ, ಸರಿ ಅಂತ ಸಂಜೆ ಇದ್ದಿಲು ಹಾಕಿ, ಹ್ಯಾಂಡ್ ಬ್ಲೋವರಲ್ಲಿ ಊದ್ಕೊಂಡು, ಪೈಪ್ ಕೆಂಪಗಾಗೋವರೆಗೂ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದಾನೆ. ನಾನು ಬೆಳಿಗ್ಗೆ ಹೋಗಿ ಆ ಪೈಪ್ ನೋಡಿದೆ. ಅದರ ಮೇಲೆಲ್ಲಾ ಹತ್ತಿ ಎಳೆ ಅಂಟಿದ ಹಾಗೆ ಬೆಳ್ಳಗೆ ಪುಡಿ. ಬಿಸಿ ಇದ್ದಾಗ ಹಳದಿ ಇತ್ತು ಮಾವ, ತಣ್ಣಗಾದ ಮೇಲೆ ಬೆಳ್ಳಗಾಯ್ತು ಅಂದ. ಅದೇ ಸತುವಿನ ಗುರುತು, ಬಿಸಿಗೆ ಹಳದಿ, ತಣ್ಣಗೆ ಬಿಳಿ. ರಾತ್ರಿ ಎರಡು ಗಂಟೆಗೆ ಅವನಿಗೆ ನಡುಕ ಶುರುವಾಗಿದೆ, ಮೂರು ಬೆಡ್‌ಶೀಟ್ ಹೊದಿಸಿದ್ರೂ ಹಲ್ಲು ಕಡೀತಿದಾನೆ, ಬಾಯೆಲ್ಲಾ ಕಬ್ಬಿಣ ನೆಕ್ಕಿದ ರುಚಿ, ಮೈಕೈ ನೋವು, ಎಷ್ಟು ನೀರು ಕುಡಿದ್ರೂ ದಾಹ. ಡಾಕ್ಟ್ರ ಹತ್ರ ಕರ್ಕೊಂಡು ಹೋದ್ವಿ, ಪೈಪಿನ ವಿಷಯ ನಾನು ಹೇಳೋವರೆಗೂ ಅವರು ವೈರಲ್ ಫೀವರ್ ಅಂತಿದ್ರು. ಈ ಜ್ವರ ಹೊಗೆ ಕುಡಿದ ತಕ್ಷಣ ಬರಲ್ಲ, ನಾಲ್ಕು ಗಂಟೆ, ಎಂಟು ಗಂಟೆ ಬಿಟ್ಟು ಬರತ್ತೆ, ಅದಕ್ಕೇ ಯಾರೂ ಪೈಪಿಗೂ ಜ್ವರಕ್ಕೂ ಗಂಟು ಹಾಕಲ್ಲ. ಒಂದೆರಡು ದಿನದಲ್ಲಿ ವಾಸಿ ಆಗತ್ತೆ, ಇವನಿಗೂ ಆಯ್ತು. ಆದ್ರೆ ಆ ಬೆಂಕಿ ಪಕ್ಕ ನಮ್ಮ ಅಕ್ಕನ ಮೊಮ್ಮಗು ಇತ್ತು ಸ್ವಲ್ಪ ಹೊತ್ತು ಮುಂಚೆ, ಅದನ್ನ ನೆನೆಸ್ಕೊಂಡ್ರೆ ನನಗೆ ಇವತ್ತಿಗೂ ಎದೆ ಝಲ್ ಅನ್ನತ್ತೆ.

ಒಂದು ಮಾತು ಸರಿಯಾಗಿ ಹೇಳ್ಬೇಕು, ಸುಮ್ನೆ ಹೆದರಿಸ್ಬಾರ್ದು. ಮಾಂಸದ ಒಳಗಿರೋ ಪೈಪು ಅಷ್ಟು ಬಿಸಿ ಆಗಲ್ಲ, ಮಾಂಸದಲ್ಲಿ ನೀರಿರೋವರೆಗೂ ಅದು 100 ಡಿಗ್ರಿ ಆಸುಪಾಸಲ್ಲೇ ಇರತ್ತೆ. ಹೊಗೆ ಬರೋದು ಕೆಂಡಕ್ಕೆ ತಾಗೋ ಕಂಬದಿಂದ, ಸ್ಟ್ಯಾಂಡಿಂದ. ಹಾಗಂತ ಒಳಗಿನ ಪೈಪ್ ಪರ್ವಾಗಿಲ್ಲ ಅಂದ್ಕೋಬೇಡಿ. ನಮ್ಮ ಮಸಾಲೆ ಏನು, ಮೊಸರು, ನಿಂಬೆಹಣ್ಣು, ಕೆಲವರು ಹುಣಸೆ ರಸ. ಹುಳಿಗೆ ಸತು ಕರಗತ್ತೆ. ರಾತ್ರಿಯೆಲ್ಲಾ ಮಸಾಲೆ ಹಚ್ಚಿ ಪೈಪಿಗೆ ಚುಚ್ಚಿಟ್ಟು, ಆಮೇಲೆ ಮೂರು ಗಂಟೆ ಬೇಯಿಸಿದ್ರೆ ಅದು ಮಾಂಸಕ್ಕೇ ಇಳಿಯತ್ತೆ, ಜಾಸ್ತಿ ಆದ್ರೆ ಹೊಟ್ಟೆ ತೊಳಸಿ ವಾಂತಿ ಆಗತ್ತೆ. ಹಳ್ಳೀಲಿ ಜಿಂಕ್ ಬಕೆಟಲ್ಲಿ ಮಜ್ಜಿಗೆ ಇಡಬೇಡಿ ಅಂತ ನಮ್ಮಜ್ಜಿ ಬೈತಿದ್ದಿದ್ದು ಇದಕ್ಕೇ.

ಜಿಐ ಒಂದೇ ಅಲ್ಲ. ಹಳೇ ಸೈಕಲ್ ಸ್ಪೋಕಲ್ಲಿ ಕಬಾಬ್ ಚುಚ್ಚೋರನ್ನ ನೋಡಿದೀನಿ, ಅಗ್ಗದ ಸ್ಪೋಕಿಗೂ ಸತುವೇ ಇರತ್ತೆ. ಪರದೆ ರಾಡಿಗೆ ಕ್ರೋಮ್ ಪಾಲಿಶ್, ಬೇಡ. ಪೇಂಟ್ ಹೊಡೆದ ಆಂಗಲ್ಲು, ರ‍್ಯಾಕಿನ ಪಟ್ಟಿ, ಬೇಡ. ಪೈಪ್ ಹಿಡಿಸೋ ಹೊಳೆಯೋ ಯೂ ಕ್ಲಾಂಪು, ನಟ್ಟು ಬೋಲ್ಟು, ಇವೂ ಬಹುಪಾಲು ಸತು ಬಳಿದವೇ. ಮನೆ ಕಟ್ಟಿಸಿದಾಗ ಉಳಿದ ಟಿಎಂಟಿ ಕಂಬಿ ಎಲ್ಲರ ಮನೆ ಟೆರೇಸಲ್ಲೂ ಬಿದ್ದಿರತ್ತೆ, ಅದಕ್ಕೆ ಸತು ಇರಲ್ಲ, ಆದ್ರೆ ಆ ಏಣಿನ ಸಂದೀಲಿ ಮಾಂಸ ಸಿಕ್ಕಿಕೊಂಡು ಕೊಳೆಯತ್ತೆ, ಎಷ್ಟು ಉಜ್ಜಿದ್ರೂ ಹೋಗಲ್ಲ, ನಾನಂತೂ ಕೊಡಲ್ಲ.

ಏನು ತಗೋಬೇಕು ಅಂದ್ರೆ, ದುಡ್ಡಿದ್ರೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 304 ದರ್ಜೆಯ ಸ್ಕ್ವೇರ್ ರಾಡ್. 304 ಹೌದೋ ಅಲ್ವೋ ಅಂತ ಮ್ಯಾಗ್ನೆಟ್ ಹಿಡಿದು ನೋಡ್ತೀವಿ ಅಂತಾರೆ ಹುಡುಗರು, 202 ಅನ್ನೋ ಅಗ್ಗದ ಎಸ್‌ಎಸ್‌ಗೂ ಮ್ಯಾಗ್ನೆಟ್ ಹಿಡಿಯಲ್ಲ, ಅದ್ರಿಂದ ಗೊತ್ತಾಗಲ್ಲ, ಬಿಲ್ ಕೊಡೋ ಅಂಗಡೀಲೇ ತಗೊಳ್ಳಿ. ದುಡ್ಡಿಲ್ದಿದ್ರೆ ಬರೀ ಎಂಎಸ್ ಸ್ಕ್ವೇರ್ ರಾಡೂ ಚೆನ್ನಾಗೇ ಇರತ್ತೆ. ಸೋಪಲ್ಲಿ ತೊಳೆದು ಮೇಲಿನ ಎಣ್ಣೆ ತೆಗೆದು, ಮರಳು ಕಾಗದ ಹಾಕಿ ಉಜ್ಜಿ, ಬೆಂಕೀಲಿ ಕಾಯ್ಸಿ, ಅಡುಗೆ ಎಣ್ಣೆ ಸವರಿ, ಮತ್ತೆ ಕಾಯ್ಸಿ, ಹೊಸ ದೋಸೆ ಹಂಚು ಪಳಗಿಸ್ತೀವಲ್ಲ ಅದೇ ರೀತಿ. ಸ್ಕ್ವೇರೇ ಯಾಕೆ ಅಂದ್ರೆ ರೌಂಡ್ ರಾಡಲ್ಲಿ ನೀವು ರಾಡ್ ತಿರುಗಿಸಿದ್ರೆ ರಾಡ್ ಮಾತ್ರ ತಿರುಗತ್ತೆ, ಕೋಳಿ ಇದ್ದಲ್ಲೇ ಇರತ್ತೆ, ಒಂದು ಕಡೆ ಕರಕಲು ಒಂದು ಕಡೆ ಹಸಿ. ಒಂದೆರಡು ಕೋಳಿಗೆ 12 ಎಂಎಂ ಸಾಕು. ಇಡೀ ಮರಿ, ಹತ್ತು ಕೇಜಿ ಮಾಂಸ ಅಂದ್ರೆ ಒಂದೂವರೆ ಮೀಟರ್ ಉದ್ದದಲ್ಲಿ 12 ಎಂಎಂ ನಡೂಮಧ್ಯೆ ಒಂದು ಸೆಂಟಿಮೀಟರ್ ಆದ್ರೂ ಬಾಗತ್ತೆ, ಪ್ರತಿ ಸುತ್ತಿಗೂ ಜಗ್ಗತ್ತೆ, ಅದಕ್ಕೆ 16 ಎಂಎಂ ಹಾಕಿ. ಭಾರ ಮೂರು ಕೇಜಿ ಆಗತ್ತೆ, ಬೈಕಲ್ಲಿ ತಗೊಂಡು ಹೋಗೋದು ಕಷ್ಟ, ಕಾರಾದ್ರೆ ಸರಿ. ಮಾಂಸ ಹಿಡ್ಕೊಳ್ಳೋಕೆ ಎರಡೂ ಕಡೆ ಎರಡು ಮುಳ್ಳಿನ ಫೋರ್ಕ್, ಕಾಲು ರೆಕ್ಕೆ ಹತ್ತಿ ದಾರದಲ್ಲಿ ಬಿಗಿಯಾಗಿ ಕಟ್ಟಿ.

ತಿರುಗಿಸೋಕೆ ಎಲ್ಲರೂ ಮೋಟಾರ್ ಕೇಳ್ತಾರೆ. ಎಸ್.ಪಿ. ರಸ್ತೇಲಿ ಗೇರ್ ಮೋಟಾರ್ ಸಿಗತ್ತೆ, ಗುಜರೀಲಿ ಕಾರಿನ ವೈಪರ್ ಮೋಟಾರ್ ಸಿಗತ್ತೆ. ವೈಪರ್ ಮೋಟಾರಿಗೆ ಬಲ ಇದೆ, ಆದ್ರೆ ವೇಗ ಜಾಸ್ತಿ, ಮೋಟಾರಾದ್ರೆ ನಮಗೆ ಬೇಕಾಗಿರೋದು ನಿಮಿಷಕ್ಕೆ ನಾಲ್ಕೈದು ಸುತ್ತು, ಸೈಕಲ್ ಚೈನ್ ಹಾಕಿ ಇಳಿಸ್ಬೇಕು. ಮೈಕ್ರೋವೇವ್ ತಟ್ಟೆ ತಿರುಗಿಸೋ ಮೋಟಾರ್ ನಿಮಿಷಕ್ಕೆ ಐದಾರು ಸುತ್ತೇ ತಿರುಗತ್ತೆ, ಆದ್ರೆ ಅದಕ್ಕೆ ಕೋಳಿ ಎತ್ತೋ ಶಕ್ತಿ ಇಲ್ಲ, ಎಷ್ಟೋ ಮೋಟಾರ್ 230 ವೋಲ್ಟಿನವು, ತೋಟದಲ್ಲಿ ವೈರ್ ಎಳೆದು ಅದನ್ನ ಹಾಕೋದಂತೂ ಬೇಡವೇ ಬೇಡ. ನನ್ನ ಕೇಳಿದ್ರೆ ಕೈ ಹ್ಯಾಂಡಲ್ಲೇ ಸಾಕು. ರಾಡಿನ ತುದಿಗೆ ಒಂದು ದುಂಡು ಪ್ಲೇಟ್ ವೆಲ್ಡ್ ಮಾಡಿ, ಸುತ್ತ 8 ತೂತು ಹಾಕಿ, ಸ್ಟ್ಯಾಂಡಲ್ಲಿ ಒಂದು ಪಿನ್. ನಿಮಿಷಕ್ಕೊಂದು ತೂತು ತಿರುಗಿಸಿ ಪಿನ್ ಹಾಕಿದ್ರೆ ಎಂಟು ನಿಮಿಷಕ್ಕೆ ಒಂದು ಸುತ್ತು. ಮಾಂಸದ ಭಾರದ ಕಡೆ ತಾನಾಗೇ ಕೆಳಗೆ ಬೀಳಲ್ಲ, ಪಿನ್ ಹಿಡ್ಕೊಂಡಿರತ್ತೆ. ಆ ಹುಡುಗರಿಗೆ ಇದನ್ನೇ ಮಾಡ್ಕೊಟ್ಟೆ. ಬೇರಿಂಗ್ ಹಾಕಿ ಅಂದ್ರು, ಬೆಂಕಿ ಹತ್ರ ಗ್ರೀಸ್ ಕರಗಿ ಮಾಂಸದ ಮೇಲೇ ತೊಟ್ಟಿಕ್ಕತ್ತೆ ಕಣ್ರಪ್ಪಾ, ಯೂ ಆಕಾರದ ಕಚ್ಚು ಸಾಕು ಅಂದೆ.

ಕೆಂಡ ಮಾಂಸದ ನೇರ ಕೆಳಗೆ ಹಾಕ್ಬಾರ್ದು, ಎರಡೂ ಪಕ್ಕಕ್ಕೆ ಎಳೆದು ನಡುವೆ ಒಂದು ತಟ್ಟೆ ಇಡಿ, ಇಲ್ಲಾಂದ್ರೆ ಕೊಬ್ಬು ತೊಟ್ಟಿಕ್ಕಿ ಬೆಂಕಿ ಭಗ್ ಅಂತ ಏಳತ್ತೆ, ಮೇಲೆ ಕರಕಲು ಒಳಗೆ ಹಸಿ ರಕ್ತ. ಕೋಳಿ ತೊಡೆ ಒಳಗೆ, ಮೂಳೆಗೆ ತಾಗದ ಹಾಗೆ, 74 ಡಿಗ್ರಿ ಬರ್ಬೇಕು, ಚುಚ್ಚೋ ಥರ್ಮಾಮೀಟರ್ ಇಟ್ಕೊಳ್ಳಿ, ಕತ್ತಲಲ್ಲಿ ಟಾರ್ಚ್ ಹಿಡಿದು ಬಣ್ಣ ನೋಡಿದ್ರೆ ಏನೂ ಗೊತ್ತಾಗಲ್ಲ. ಸೌದೆಗೆ ಸರ್ವೆ, ಜಾಲಿ, ಹುಣಸೆ ಆಗತ್ತೆ. ಪ್ಲೈವುಡ್ ಚೂರು, ಬಣ್ಣ ಹಚ್ಚಿದ ಹಲಗೆ ಹಾಕ್ಬೇಡಿ. ಹೊಳೆ ಪಕ್ಕದ ನೆಂದ ಕಲ್ಲನ್ನ ಒಲೆಗೆ ಇಟ್ರೆ ಒಳಗಿನ ನೀರು ಆವಿಯಾಗಿ ಪಟಾಕಿ ತರ ಸಿಡಿಯತ್ತೆ. ಇನ್ನೊಂದು, ಲೋಹ ಬೇಡ ಕೋಲೇ ಸಾಕು ಅನ್ನೋರು ಯಾವ ಗಿಡ ಅಂತ ನೋಡ್ಕೊಂಡು ಮುರೀರಿ. ಬೆಂಗಳೂರಲ್ಲಿ ರೋಡ್ ಡಿವೈಡರ್ ಮೇಲೆಲ್ಲಾ ಗುಲಾಬಿ ಹೂವಿನ ಕಣಗಿಲೆ ಇರತ್ತೆ, ಕಡ್ಡಿ ನೇರ ಇರತ್ತೆ, ನೋಡಿದ್ರೆ ಚುಚ್ಚೋಕೆ ಹೇಳಿ ಮಾಡ್ಸಿದ ಹಾಗಿರತ್ತೆ. ಅದರ ಎಲೆ, ಕಡ್ಡಿ, ಹಾಲು ಎಲ್ಲಾ ವಿಷ, ಹೃದಯಕ್ಕೇ ಹೊಡೆಯೋ ವಿಷ. ಸೀಬೆ ಕೋಲು ಬಳಸಿ.

ಎಲ್ಲಿ ಸುಡ್ಬೇಕು ಅನ್ನೋದನ್ನ ನಿಮ್ಮ ಪುಟದಲ್ಲಿ ಹೇಳಿರ್ಲಿಲ್ಲ, ಅದಕ್ಕೂ ಬೇಜಾರಾಯ್ತು. ಸಾವನದುರ್ಗ, ರಾಮನಗರದ ಬೆಟ್ಟಗಳ ಕಡೆ ಬಹಳಷ್ಟು ಜಾಗ ಅರಣ್ಯ ಇಲಾಖೇದು, ಅಲ್ಲಿ ಬೆಂಕಿ ಹಚ್ಚೋದು ಕಾನೂನು ಪ್ರಕಾರ ಅಪರಾಧ. 2019ರ ಫೆಬ್ರವರೀಲಿ ಬಂಡೀಪುರ ಹೊತ್ತಿ ಉರಿದಿದ್ದನ್ನ ನಾವೆಲ್ಲಾ ಟಿವೀಲಿ ನೋಡಿದ್ವಿ. ಫೆಬ್ರವರಿಯಿಂದ ಮಳೆ ಬೀಳೋವರೆಗೂ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಸ್ವಂತ ತೋಟ, ಪರಿಚಯದವರ ಜಮೀನು, ಒಪ್ಪಿಗೆ ಕೊಡೋ ಕ್ಯಾಂಪ್ ಜಾಗ, ಇಷ್ಟರಲ್ಲೇ ಮಾಡಿ, ಸುತ್ತ ಎರಡು ಮೀಟರ್ ಹುಲ್ಲು ಕೆರೆದು, ಎರಡು ಬಕೆಟ್ ನೀರು ಇಟ್ಕೊಂಡು. ಕಾಡಲ್ಲಿ ಬೆಂಕಿ ಕಂಡ್ರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಮತ್ತೆ ಚಳಿ ಅಂತ ಉಳಿದ ಕೆಂಡವನ್ನ ಬಾಂಡ್ಲೀಲಿ ತಗೊಂಡು ಟೆಂಟೊಳಗೆ ಇಟ್ಕೊಂಡು ಮಲಗ್ಬೇಡಿ ದಯವಿಟ್ಟು, ಅದರಿಂದ ಬರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ ವಾಸನೆಯಿಲ್ಲ, ಮಲಗಿದವರು ಏಳಲ್ಲ.

ನಿಮ್ಮಲ್ಲಿ ಒಂದೇ ಕೋರಿಕೆ. ಆ ಫೋಟೊ ಎಷ್ಟು ದೊಡ್ಡದಾಗಿ ಹಾಕಿದ್ರೋ ಅಷ್ಟೇ ದೊಡ್ಡ ಜಾಗದಲ್ಲಿ, ಅದೇ ಭಾನುವಾರದ ಪುಟದಲ್ಲಿ, ಜಿಐ ಪೈಪ್ ಬೆಂಕಿಗೂ ಮಾಂಸಕ್ಕೂ ಬಳಸ್ಬೇಡಿ ಅಂತ ಒಂದು ಮಾತು ಹಾಕಿ. ಓದುಗರಿಗೆ ಗುರುತು ಹೇಗೆ ಅಂದ್ರೆ, ಜಿಐ ಮೇಲೆ ಬೂದು ಬಣ್ಣದ ಹೂ ಬಿಟ್ಟ ಹಾಗೆ ಚಕ್ಕೆ ಚಕ್ಕೆ ಹೊಳಪು ಇರತ್ತೆ. ಹೂ ಕಾಣ್ದಿದ್ರೂ ಅನುಮಾನ ಇದ್ರೆ, ಕೊಳ್ಳೋ ಮುಂಚೆ ಯಾವುದಾದ್ರೂ ವೆಲ್ಡಿಂಗ್ ಅಂಗಡಿಯವನಿಗೆ ತೋರ್ಸಿ, ನೋಡಿ ಹೇಳೋಕೆ ಯಾರೂ ದುಡ್ಡು ಕೇಳಲ್ಲ.

ಇತಿ,
ಕಾಮಾಕ್ಷಿಪಾಳ್ಯದ ಒಬ್ಬ ಫ್ಯಾಬ್ರಿಕೇಶನ್ ಅಂಗಡಿಯವನು
ಬೆಂಗಳೂರು