ಹಿಂದಿನ ಸಾಲಿನವರನ್ನೂ ಬರಿ: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಬಂದು ಮುಟ್ಟಿತು. ಗಂಗಾವತಿಯ ಬ್ಯಾಂಡ್‌ಸೆಟ್‌ನಲ್ಲಿ ಕ್ಲಾರಿನೆಟ್ ಊದುವವರ ಮಗಳು ಅಮೆರಿಕದ ಜಾಜ್ ರಚನೆಕಾರ, ವಾದ್ಯತಂಡದ ನಾಯಕ ಡ್ಯೂಕ್ ಎಲಿಂಗ್ಟನ್‌ನ ಜೀವನ ಬರೆದಿದ್ದಾಳೆ ಅಂದರೆ ನನಗೆ ಆಶ್ಚರ್ಯ ಆಗಲಿಲ್ಲ, ಖುಷಿಯಾಯಿತು. ಮದುವೆ ಮೆರವಣಿಗೆಗಳಲ್ಲಿ ಆ ವಾದ್ಯ ಕೇಳುತ್ತ ಬೆಳೆದವಳಿಗೆ ಅದರ ದನಿ ಎಲ್ಲಿ ಕೇಳಿದರೂ ಗುರುತು ಹತ್ತುತ್ತದೆ, ಅಲ್ವಾ?

‘ನನಗೆ ಬರೆಯಲು ಬರುವುದಿಲ್ಲ, ಸುಟ್ಟು ಹಾಕಲೇ?’ ಅಂತ ಕೊನೆಗೆ ಕೇಳಿದ್ದೀಯ. ಸುಡಬೇಡ. ಇಂಥ ಮಾತು ಮತ್ತೆ ನನಗೆ ಬರೆಯಲೂಬೇಡ. ಪ್ರಕಾಶಕರು ಯಾರು, ಪುಟ ಎಷ್ಟಿರಬೇಕು, ವಿದೇಶಿ ಹೆಸರುಗಳನ್ನು ಹೇಗೆ ಬರೆಯಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ನಾನು ಹೇಳಬೇಕಾದ ಮಾತು ಒಂದೇ. ನಿನ್ನ ಪುಸ್ತಕದಲ್ಲಿ ಎಲಿಂಗ್ಟನ್ ಒಬ್ಬನೇ ಇದ್ದಾನೆ. ಅವನ ತಂಡ ಎಲ್ಲಿ ಹೋಯಿತು?

1899ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದ್ದು, 1927ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಕಾಟನ್ ಕ್ಲಬ್ ಸೇರಿದ್ದು, ಅಲ್ಲಿ ನುಡಿಸುವವರು ಕರಿಯರು, ಕೂತು ಕೇಳುವವರು ಬಿಳಿಯರು ಮಾತ್ರ ಅನ್ನುವುದು, ಎಲ್ಲ ಚೆನ್ನಾಗಿ ಬರೆದಿದ್ದೀಯ. 1956ರ ನ್ಯೂಪೋರ್ಟ್ ಜಾಜ್ ಉತ್ಸವದ ರಾತ್ರಿಯನ್ನಂತೂ ಓದುತ್ತ ನನ್ನ ಕಾಲು ತಾಳ ಹಾಕಿತು. ಆದರೆ ಆ ರಾತ್ರಿ ಜನರನ್ನು ಎಬ್ಬಿಸಿ ಕುಣಿಸಿದವನು ಪಾಲ್ ಗೊನ್ಸಾಲ್ವೆಸ್. ಸ್ಯಾಕ್ಸೊಫೋನ್ ಹಿಡಿದು ಒಂದೇ ಸಮನೆ 27 ಆವರ್ತ ನುಡಿಸಿದ. ನೀನು ಅವನಿಗೆ ಕೊಟ್ಟಿದ್ದು ಅರ್ಧ ವಾಕ್ಯ. ಎಲಿಂಗ್ಟನ್‌ನ ಕೋಟಿಗೆ, ನಗುವಿಗೆ ಒಂದು ಪುಟ.

ಅವನು ರಚನೆ ಮಾಡುತ್ತಿದ್ದ ರೀತಿಯೇ ನಿನಗೆ ದಾರಿ ತೋರಿಸಬೇಕಿತ್ತು. ನುಡಿಸುವವರಿಗೆ ಕೊಡುವ ಹಾಳೆಗಳ ತಲೆಯ ಮೇಲೆ ಅವನು ವಾದ್ಯದ ಬದಲು ವಾದಕನ ಹೆಸರನ್ನೇ ಬರೆಯುತ್ತಿದ್ದ. ಕೂಟಿ ವಿಲಿಯಮ್ಸ್‌ನ ಟ್ರಂಪೆಟ್ ಹೇಗೆ ಗುರುಗುಟ್ಟುತ್ತದೆ, ಜಾನಿ ಹಾಡ್ಜಸ್ ಒಂದು ಸ್ವರದಿಂದ ಇನ್ನೊಂದಕ್ಕೆ ಹೇಗೆ ಜಾರುತ್ತಾನೆ, ಅದು ಗೊತ್ತಿದ್ದೇ ಬರೆಯುತ್ತಿದ್ದ. ಸ್ಯಾಕ್ಸೊಫೋನ್ ವಾದಕ ಹ್ಯಾರಿ ಕಾರ್ನಿ 1927ರಲ್ಲಿ ಹುಡುಗನಾಗಿದ್ದಾಗ ಸೇರಿದವನು, 1974ರಲ್ಲಿ ಎಲಿಂಗ್ಟನ್ ಸಾಯುವ ತನಕ ಜೊತೆಗಿದ್ದ. ಊರಿಂದ ಊರಿಗೆ ಕಾರು ಓಡಿಸುತ್ತಿದ್ದವನೂ ಅವನೇ. ಪಕ್ಕದ ಸೀಟಿನಲ್ಲಿ ಎಲಿಂಗ್ಟನ್. ಆ ಕಾರಿನೊಳಗೆ ಒಂದು ಇಡೀ ಅಧ್ಯಾಯ ಇದೆ ತಂಗಿ. ದೊಡ್ಡ ತಂಡಗಳು ಒಂದೊಂದಾಗಿ ಮುಚ್ಚಿಹೋದ ಕಾಲದಲ್ಲೂ ಎಲಿಂಗ್ಟನ್ ಹಾಡುಗಳ ರಾಯಧನದ ದುಡ್ಡು ಸುರಿದು ತನ್ನ ತಂಡ ಉಳಿಸಿಕೊಂಡ. ಬರೆದದ್ದನ್ನು ಆಗಿಂದಾಗಲೇ ಕೇಳಬೇಕು ಅನ್ನುವ ಹಸಿವು ಅವನದು.

ಈಗ ನೀನು ಮುಟ್ಟದೆ ಬಿಟ್ಟ ಸಂಗತಿಗೆ ಬರುತ್ತೇನೆ. ‘ಕ್ಯಾರವಾನ್’ ಮಟ್ಟು ಪೋರ್ಟೊರಿಕೊದಿಂದ ಬಂದ ಟ್ರಾಂಬೋನ್ ವಾದಕ ಹ್ವಾನ್ ಟಿಜೋಲ್ ತಂದದ್ದು. ‘ಮೂಡ್ ಇಂಡಿಗೊ’ದಲ್ಲಿ ಕ್ಲಾರಿನೆಟ್ ವಾದಕ ಬಾರ್ನಿ ಬಿಗಾರ್ಡ್‌ನ ಪಾಲಿದೆ. ರಚನೆಕಾರರ ಸಾಲಿಗೆ ಅವನ ಹೆಸರು ಸೇರಿದ್ದು ಬಹಳ ಕಾಲದ ಮೇಲೆ. ಮ್ಯಾನೇಜರ್ ಅರ್ವಿಂಗ್ ಮಿಲ್ಸ್‌ನ ಹೆಸರು ಮಾತ್ರ ಹಾಡಿನಿಂದ ಹಾಡಿಗೆ ತಪ್ಪದೆ ಬರುತ್ತಿತ್ತು. ಹಾಗಂತ ಎಲಿಂಗ್ಟನ್‌ನನ್ನು ಕಳ್ಳ ಅಂತ ಬರೆಯಬೇಡ. ಅವರು ತಂದ ನಾಲ್ಕು ಸ್ವರಗಳನ್ನು ಇಡೀ ತಂಡ ನುಡಿಸುವ ಹಾಗೆ ಕಟ್ಟಿದವನು ಅವನೇ, ಆ ಕಸುಬು ಬೇರೆ ಯಾರಿಗೂ ಇರಲಿಲ್ಲ. ಎರಡೂ ನಿಜ. ಎರಡನ್ನೂ ಬರೆಯಬೇಕು.

ಇದರ ಮೇಲೆ ನನಗೆ ಯಾಕೆ ಇಷ್ಟು ಹಟ ಅಂತ ಹೇಳಿಬಿಡುತ್ತೇನೆ. ವಯಸ್ಸಿನಲ್ಲಿ ನಾನು ಕಂಪನಿ ನಾಟಕಕ್ಕೆ ಹಾಡು ಬರೆಯುತ್ತಿದ್ದೆ. ಅಲ್ಲೊಬ್ಬರು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು. ಅವರ ಪೇಟಿಯಲ್ಲಿ ಒಂದು ಮನೆ ಕೂಗುತ್ತಿರಲಿಲ್ಲ. ರಿಪೇರಿಗೆ ಮಾಲೀಕರು ದುಡ್ಡು ಕೊಡಲಿಲ್ಲ. ಆ ಸ್ವರ ತಪ್ಪಿಸಿಯೇ ಮಟ್ಟು ಕಟ್ಟುತ್ತಿದ್ದರು. ನಾಯಕಿಯ ಗಂಟಲು ಕಟ್ಟಿದ ದಿನ ಹಾಡನ್ನು ಕೆಳಗಿಳಿಸಿ, ಮೇಲಿನ ಷಡ್ಜ ಬರುವ ಕಡೆ ತಬಲಾದವನಿಗೆ ಕಣ್ಣಲ್ಲೇ ಹೇಳಿ ಒಂದು ತುಕಡಾ ಬಾರಿಸುವ ಹಾಗೆ ಮಾಡುತ್ತಿದ್ದರು. ಪ್ರೇಕ್ಷಕರು ಅದಕ್ಕೇ ಸೀಟಿ ಹೊಡೆಯುತ್ತಿದ್ದರು. ಹ್ಯಾಂಡ್‌ಬಿಲ್‌ನಲ್ಲಿ ಮಾತ್ರ ‘ಸಂಗೀತ’ ಅಂತ ಮಾಲೀಕರ ಹೆಸರು. ಮಾಸ್ತರರು ತೀರಿಕೊಂಡ ಮೇಲೆ ಆ ಕಂಪನಿಯ ನೆನಪಿನ ಪುಸ್ತಕ ಬಂತು. ಅದರಲ್ಲೂ ಅವರಿಲ್ಲ. ಬರೆದವರು ಓದಿದವರು, ಹೆಸರಾದವರು. ಅವರ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಮಾಲೀಕರಿಗೆ ವ್ಯಾಪಾರ ಇತ್ತು. ಬರೆಯುವವರಿಗೆ ಏನು ಧಾಡಿ?

ಅದಕ್ಕೇ ಸ್ಟ್ರೇಹಾರ್ನ್ ಅಧ್ಯಾಯ ಓದಿ ನನಗೆ ಬೇಜಾರಾಯಿತು. ಅಧ್ಯಾಯ ಅಂತ ಕರೆಯುವುದು ಹೇಗೆ? ಎರಡು ಪ್ಯಾರಾ! 1938ರ ಕೊನೆಗೆ ಪಿಟ್ಸ್‌ಬರ್ಗ್‌ನಲ್ಲಿ ಎಲಿಂಗ್ಟನ್‌ನನ್ನು ಕಂಡ ಹುಡುಗ ಬಿಲ್ಲಿ ಸ್ಟ್ರೇಹಾರ್ನ್ ಹೆಚ್ಚುಕಡಿಮೆ 30 ವರ್ಷ ಅವನ ಜೊತೆ ಕೂತು ಸಂಗೀತ ಬರೆದ. 1941ರಲ್ಲಿ ರೇಡಿಯೊದವರಿಗೂ ರಚನೆಕಾರರ ಸಂಘಕ್ಕೂ ಜಗಳವಾಗಿ, ಎಲಿಂಗ್ಟನ್ ತನ್ನ ಹಾಡುಗಳನ್ನು ರೇಡಿಯೊದಲ್ಲಿ ನುಡಿಸುವ ಹಾಗಿರಲಿಲ್ಲ. ಆಗ ಕೈ ಹಿಡಿದದ್ದು ಸ್ಟ್ರೇಹಾರ್ನ್‌ನ ‘ಟೇಕ್ ದಿ ಎ ಟ್ರೇನ್’. ಮುಂದೆ ಅದೇ ತಂಡದ ಗುರುತಾಯಿತು. ಬಹಳ ಜನ ಅದನ್ನು ಎಲಿಂಗ್ಟನ್‌ನದೇ ಅಂದುಕೊಂಡಿದ್ದಾರೆ. ನೀನೂ ಹಾಗೇ ಬರೆದಿದ್ದೀಯ. ತಿದ್ದು.

1963ರಲ್ಲಿ ತಂಡ ಭಾರತಕ್ಕೂ ಬಂದಿತ್ತು. ದೆಹಲಿಯಲ್ಲಿ ಎಲಿಂಗ್ಟನ್ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ್ದನ್ನು ನೀನು ಬರೆದಿದ್ದೀಯ. ಅದೇ ದೆಹಲಿಯಲ್ಲಿ ಒಂದು ಗೊರವಂಕ ಕೂಗಿದ್ದನ್ನು ಸ್ಟ್ರೇಹಾರ್ನ್ ಕಿವಿಯಲ್ಲಿ ಹಿಡಿದು ರಚನೆ ಮಾಡಿದ. ಹಕ್ಕಿಯ ಕೂಗು ಜಿಮ್ಮಿ ಹ್ಯಾಮಿಲ್ಟನ್‌ನ ಕ್ಲಾರಿನೆಟ್‌ನಲ್ಲಿ ಬರುತ್ತದೆ. ನಿಮ್ಮಪ್ಪನಿಗೆ ಅದನ್ನು ಕೇಳಿಸು. ಅವರು ಏನು ಹೇಳುತ್ತಾರೋ ಅದನ್ನು ಹಾಗೇ ಬರೆದುಕೋ. ನಿನ್ನ ಪುಸ್ತಕದಲ್ಲಿ ನಿನಗೊಬ್ಬಳಿಗೇ ಸಿಗುವ ಪುಟ ಅದು.

ಸ್ಟ್ರೇಹಾರ್ನ್ 1967ರ ಮೇ ತಿಂಗಳಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಅದೇ ವರ್ಷ ಎಲಿಂಗ್ಟನ್ ಅವನ ರಚನೆಗಳದ್ದೇ ಒಂದು ರೆಕಾರ್ಡ್ ಮಾಡಿದ. ಕೆಲಸ ಮುಗಿದು ಉಳಿದವರು ವಾದ್ಯಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದಾರೆ, ಮಾತಾಡುತ್ತಿದ್ದಾರೆ. ಆ ಗದ್ದಲದಲ್ಲೇ ಎಲಿಂಗ್ಟನ್ ಪಿಯಾನೊ ಮುಂದೆ ಒಬ್ಬನೇ ಕೂತು ‘ಲೋಟಸ್ ಬ್ಲಾಸಮ್’ ನುಡಿಸುತ್ತಾನೆ. ಅದೂ ಸ್ಟ್ರೇಹಾರ್ನ್‌ನದು. ಮಾತಿನ ಸದ್ದು ಕೂಡ ರೆಕಾರ್ಡಿನಲ್ಲಿ ಉಳಿದಿದೆ. ನೀನು ‘ಮಹಾನ್’, ‘ಅಪ್ರತಿಮ’, ‘ದೈವದತ್ತ’ ಅಂತ ಪುಟಪುಟಕ್ಕೂ ಹೊಗಳಿದ್ದೀಯಲ್ಲ, ಅಷ್ಟನ್ನೂ ತೆಗೆದು ಇದೊಂದನ್ನು ಹಾಕು. ಎಲಿಂಗ್ಟನ್ ಏನೂ ಸಣ್ಣವನಾಗುವುದಿಲ್ಲ.

1965ರ ಪುಲಿಟ್ಜರ್ ಪ್ರಶಸ್ತಿಯ ವಿಷಯಕ್ಕೆ ನೀನು ಸುರಿಸಿದ ಸಿಟ್ಟು ನ್ಯಾಯವೇ. ತೀರ್ಪುಗಾರರು ಅವನಿಗೆ ವಿಶೇಷ ಗೌರವ ಕೊಡಿ ಅಂದರು, ಮಂಡಳಿ ಒಪ್ಪಲಿಲ್ಲ, ಇಬ್ಬರು ತೀರ್ಪುಗಾರರು ರಾಜೀನಾಮೆ ಕೊಟ್ಟರು. ಅದನ್ನು ಒಂದು ಪುಟಕ್ಕೆ ಇಳಿಸು, ಸಾಕು. ಅಲ್ಲಿ ಉಳಿಯುವ ಜಾಗವನ್ನು ಟಿಜೋಲ್‌ಗೆ, ಬಿಗಾರ್ಡ್‌ಗೆ, ಕಾರ್ನಿಗೆ ಹಂಚು.

ಇನ್ನೊಂದು ಕೆಲಸ ಇದೆ. ನಿಮ್ಮ ಬ್ಯಾಂಡ್‌ನಲ್ಲಿ ಹೊಸ ಸಿನಿಮಾ ಹಾಡು ಬಂದರೆ ಮೊದಲು ಮೊಬೈಲ್‌ನಲ್ಲಿ ಕೇಳಿ ಸ್ವರ ಹಿಡಿಯುವವರು ಯಾರು, ಉಳಿದವರಿಗೆ ಹೇಳಿಕೊಡುವವರು ಯಾರು, ದುಡ್ಡು ಹಂಚುವಾಗ ಅವರಿಗೆ ಏನಾದರೂ ಜಾಸ್ತಿ ಸಿಗುತ್ತದೆಯೇ? ಮನೆಯಲ್ಲೇ ಕೇಳು. ಎಲಿಂಗ್ಟನ್‌ನ ತಂಡ ಹೇಗೆ ನಡೆಯುತ್ತಿತ್ತು ಅನ್ನುವುದು ಅರ್ಧ ಅಲ್ಲೇ ತಿಳಿಯುತ್ತದೆ.

ಸ್ಟ್ರೇಹಾರ್ನ್ ಅಧ್ಯಾಯವನ್ನೇ ಮೊದಲು ಬರೆದು ಕಳಿಸು. ಟೈಪ್ ಮಾಡಿಸಬೇಕಿಲ್ಲ, ನಿನ್ನ ಅಕ್ಷರ ನನಗೆ ಓದಲು ಬರುತ್ತದೆ. ದೀಪಾವಳಿಯೊಳಗೆ ಬರಲಿ. ಆಮೇಲೆ ಮದುವೆ ಸೀಸನ್ ಶುರುವಾದರೆ ನಿಮ್ಮ ಮನೆಯಲ್ಲಿ ಯಾರಿಗೂ ಪುರಸೊತ್ತು ಇರುವುದಿಲ್ಲ.

ಇಂತಿ ನಿನ್ನ ಅಣ್ಣ,
ಬಳ್ಳಾರಿ